ಫೋಮ್ ಮಿಡತೆ ಗಾಳದ ಮೇಲೆ ತಿರುಗ್ತಿದೆ, ದಾರ ಫೋಮನ್ನೇ ಕುಯ್ತಿದೆ, ಏನ್ ಮಾಡ್ಲಿ?

ಪ್ರಶ್ನೆ: ಸರ್, ಶಿವಮೊಗ್ಗ ಕಡೆಯವನು, ಈಗ ಅಮೆರಿಕದ ಐಡಹೋ ರಾಜ್ಯದ ಬೋಯ್ಸಿಲಿ ಕೆಲಸ. ಎರಡು ವರ್ಷದಿಂದ ಫ್ಲೈ ಫಿಶಿಂಗ್ ಮಾಡ್ತಿದೀನಿ, ಈ ಚಳಿಗಾಲದಲ್ಲಿ ಫ್ಲೈ (ಗಾಳಕ್ಕೆ ಗರಿ, ಫೋಮ್ ಕಟ್ಟಿ ಮಾಡೋ ನಕಲಿ ಹುಳ) ಕಟ್ಟೋಕೂ ಶುರು ಮಾಡ್ದೆ. ಫೋಮ್ ಹಾಪರ್, ಅಂದ್ರೆ ಫೋಮಿನ ಮಿಡತೆ, ಸುಲಭ ಅಂದ್ರು, ನಂಗೆ ಅದೇ ಕೈ ಕೊಡ್ತಿದೆ. ದಾರ ಬಿಗಿ ಮಾಡಿದ್ರೆ ಫೋಮ್ ತುಂಡಾಗುತ್ತೆ, ಸಡಿಲ ಬಿಟ್ರೆ ಬಾಡಿ ಗಾಳದ ಸುತ್ತ ಗಿರಗಿರ ತಿರುಗುತ್ತೆ. ನೀರಿಗೆ ಎಸೆದ್ರೆ ಎರಡಕ್ಕೊಂದು ಸಲ ಅಂಗಾತ ಬೀಳುತ್ತೆ. ಮೀನು ಮೇಲೆ ಬಂದು ಬಾಯಿ ಹಾಕುತ್ತೆ, ಆದ್ರೆ ಸಿಕ್ಕೋದಿಲ್ಲ. ಇನ್ನೊಂದು, ಬೆಂಗಳೂರಿನ ಕ್ರಾಫ್ಟ್ ಅಂಗಡಿ ಫೋಮ್ ಶೀಟ್ ತಂದ್ರೆ ನಡೆಯುತ್ತಾ? ಊರಿಗೆ ಬಂದಾಗ ಇದೇ ಫ್ಲೈ ಅಲ್ಲಿ ಹಾಕಬಹುದಾ?

ಉತ್ತರ: ನಿಮ್ಮ ಮನೇಲಿ ಅಜ್ಜಿನೋ ಅಮ್ಮನೋ ಮಲ್ಲಿಗೆ ಮೊಗ್ಗು ಕಟ್ಟೋದು ನೋಡಿರ್ತೀರಲ್ಲ, ಅದನ್ನ ಒಂದ್ಸಲ ನೆನಪು ಮಾಡ್ಕೊಳ್ಳಿ. ಹೊಲಿಗೆ ದಾರದಲ್ಲಿ ಕಟ್ಟಿ ಜೋರಾಗಿ ಎಳೆದ್ರೆ ತೊಟ್ಟು ಕಟ್ ಆಗಿ ಮೊಗ್ಗು ಉದುರಿ ಹೋಗುತ್ತೆ, ಅದೇ ನೆನೆಸಿದ ಬಾಳೆ ನಾರಲ್ಲಿ ಕಟ್ಟಿದ್ರೆ ಅಷ್ಟೇ ಬಿಗಿಗೆ ತೊಟ್ಟು ಗಟ್ಟಿಯಾಗಿ ನಿಲ್ಲುತ್ತೆ. ಕಾರಣ ಬಿಗಿ ಅಲ್ಲ, ನಾರಿನ ಅಗಲ. ನಾರು ಚಪ್ಪಟೆ, ದಾರ ದುಂಡಗೆ ಸಣ್ಣಗೆ, ಚಾಕು ಥರ ಒಂದೇ ಗೆರೆ ಮೇಲೆ ಕೂರುತ್ತೆ. ನಿಮ್ಮ ಮೊದಲ ಎರಡು ಸಮಸ್ಯೆ, ತುಂಡಾಗೋದು ಮತ್ತೆ ತಿರುಗೋದು, ಎರಡೂ ಇಲ್ಲೇ ಇದೆ. ನೀವು ಯಾವ ದಾರ ಅಂತ ಬರೆದಿಲ್ಲ, ಆದ್ರೂ ನಾನು ಊಹೆ ಮಾಡ್ತೀನಿ, ಯಾರೋ 'ಜೆಲ್ ಸ್ಪನ್ ಅನ್ನೋ ದಾರ ತಗೊಳ್ಳಿ, ಏನೇ ಎಳೆದ್ರೂ ಕಡಿಯೋದಿಲ್ಲ' ಅಂತ ಹೇಳಿ ಅದನ್ನ ತಗೊಂಡಿರ್ತೀರಿ. ಅದು ಕಡಿಯಲ್ಲ ನಿಜ, ಬದಲಿಗೆ ಫೋಮನ್ನ ಕಡಿಯುತ್ತೆ. ಜಿಂಕೆ ಕೂದಲು ಕಟ್ಟೋಕೆ ಬಂಗಾರ, ಫೋಮಿಗೆ ಬೇಡ.

ಫೋಮಿಗೆ 140 ಡೆನಿಯರ್ (ದಾರದ ದಪ್ಪದ ಅಳತೆ) ಪಾಲಿಯೆಸ್ಟರ್ ದಾರ, ಹಳೆಯವರು 6/0 ಅಂತ ಕರೀತಾರಲ್ಲ ಆ ಲೆಕ್ಕದ್ದು, ಇಲ್ಲಾಂದ್ರೆ ಫ್ಲಾಟ್ ವ್ಯಾಕ್ಸ್ಡ್ ನೈಲಾನ್, ಅಂದ್ರೆ ಮೇಣ ಸವರಿದ ಚಪ್ಪಟೆ ನೈಲಾನ್ ದಾರ, ತಗೊಳ್ಳಿ. ಆಮೇಲೆ ಒಂದು ಸಣ್ಣ ಕೆಲಸ ಇದೆ, ಯಾರೂ ಹೇಳಿಕೊಡೋದಿಲ್ಲ. ಗಾಳಕ್ಕೆ ಸುತ್ತುತ್ತಾ ಸುತ್ತುತ್ತಾ ದಾರಕ್ಕೆ ತಾನಾಗೇ ಹುರಿ ಬೀಳುತ್ತೆ, ಹುರಿ ಬಿದ್ದ ಮೇಲೆ ಚಪ್ಪಟೆ ದಾರನೂ ದುಂಡಗಾಗುತ್ತೆ. ಫೋಮ್ ಕಟ್ಟೋ ಮುಂಚೆ ಬಾಬಿನ್ನ (ದಾರದ ಉಂಡೆ ಹಿಡಿಯೋ ಉಪಕರಣ) ಕೆಳಗೆ ನೇತಾಡೋಕೆ ಬಿಟ್ಟು ಗಡಿಯಾರದ ಮುಳ್ಳಿಗೆ ಉಲ್ಟಾ ದಿಕ್ಕಲ್ಲಿ ಒಂದ್ಸಲ ತಿರುಗಿಸಿ ಬಿಡಿ, ಬಲಗೈಯವರಾದ್ರೆ. ಹುರಿ ಬಿಚ್ಚಿ ದಾರ ರಿಬ್ಬನ್ ಥರ ಅಗಲ ಆಗೋದು ದೀಪದ ಬೆಳಕಲ್ಲಿ ಕಣ್ಣಿಗೇ ಕಾಣುತ್ತೆ. ಅದೇ ನಿಮ್ಮ ಬಾಳೆ ನಾರು.

ಈಗ ಬಿಗಿ ವಿಷಯ. ಮೊದಲ ಎರಡು ಸುತ್ತು ಫೋಮನ್ನ ಹಿಡ್ಕೊಳ್ಳೋಕೆ ಮಾತ್ರ, ಬಿಗಿ ಮಾಡಬೇಡಿ, ಫೋಮ್ ಮೇಲೆ ದಾರ ಸುಮ್ನೆ ಕೂತಿರಬೇಕು. ಆ ಎರಡು ಸುತ್ತು ಅಕ್ಕಪಕ್ಕ ಬಂದ ಮೇಲೆ ಬಾಬಿನ್ನ ನೇರ ಮೇಲಕ್ಕೆ ನಿಧಾನಕ್ಕೆ ಎಳೀರಿ, ಫೋಮ್ ಎರಡೂ ಕಡೆಯಿಂದ ಒಟ್ಟಿಗೆ ಒಳಗೆ ಕುಗ್ಗುತ್ತೆ, ನಡು ಕಟ್ಟಿದ ದಿಂಬಿನ ಥರ. ಮೂರನೇ ಸುತ್ತು ಸ್ವಲ್ಪ ಬಿಗಿ, ನಾಲ್ಕನೇದು ಇನ್ನೂ ಬಿಗಿ, ಐದಾರು ಸುತ್ತಿಗೆ ಸಾಕು. ಒಂದೇ ಗೆರೆ ಮೇಲೆ ಎಲ್ಲ ಸುತ್ತೂ ಹಾಕಬೇಡಿ, ಒಂದು ಮಿಲಿಮೀಟರ್ ಅಗಲಕ್ಕೆ ಹರಡಿ. ಮೊದಲ ಸುತ್ತಿಗೇ ಪೂರ್ತಿ ಬಲ ಹಾಕ್ತೀವಲ್ಲ, ಅಲ್ಲೇ ಕುಯ್ಯೋದು. ನಾನೂ ಹಾಗೇ ಮಾಡ್ತಿದ್ದೆ, ಒಂದು ಇಡೀ ಸಂಜೆ ಕೂತು ಕಟ್ಟಿದ್ರೆ ವೈಸ್ (ಗಾಳ ಕಚ್ಚಿ ಹಿಡಿಯೋ ಇಕ್ಕಳ) ಕೆಳಗೆ ಕಪ್ಪು ಫೋಮ್ ತುಂಡುಗಳು ಉದ್ದಿನ ಕಾಳು ಚೆಲ್ಲಿದ ಹಾಗೆ ಬಿದ್ದಿರ್ತಿದ್ವು.

ತಿರುಗೋದಕ್ಕೆ ಕಾರಣ ದಾರ ಒಂದೇ ಅಲ್ಲ, ಗಾಳದ ತಂತಿ ನುಣ್ಣಗಿರುತ್ತೆ, ನುಣುಪು ತಂತಿ ಮೇಲೆ ಫೋಮ್ ಇಟ್ಟು ಎಷ್ಟು ಕಟ್ಟಿದ್ರೂ ಅದು ಜಾರೇ ಜಾರುತ್ತೆ. ಹಾಗಾಗಿ ಮೊದಲು ತಂತಿಗೆ ದಾರ ಸುತ್ತಿ ಒಂದು ಹಾಸಿಗೆ ಮಾಡಿ, ಅದೂ ನೀಟಾಗಿ ಬೇಡ. ಗಾಳದ ಕಣ್ಣಿಂದ (ಎಳೆ ಪೋಣಿಸೋ ತೂತು) ಹಿಂದಕ್ಕೆ ಒತ್ತೊತ್ತಾಗಿ ಹೋಗಿ, ಅಲ್ಲಿಂದ ಮುಂದಕ್ಕೆ ಬಿಡಿಬಿಡಿಯಾಗಿ ಅಡ್ಡಡ್ಡ ಬನ್ನಿ, ಮತ್ತೆ ಹಿಂದಕ್ಕೆ ಹಾಗೇ ಹೋಗಿ, ಹಗ್ಗದ ಮಂಚ ಹೆಣೆದ ಹಾಗೆ ಗಂಟುಗಂಟಾಗಿ ಕಾಣಬೇಕು. ಫೋಮ್ ಕಟ್ಟೋ ಜಾಗದಲ್ಲಿ ಮಾತ್ರ ಸೂಪರ್ ಗ್ಲೂ, ಗುಂಡುಸೂಜಿ ತುದಿಯಲ್ಲಿ ಎಷ್ಟು ನಿಲ್ಲುತ್ತೋ ಅಷ್ಟು. ಬಾಟ್ಲಿಯಿಂದ ನೇರ ಹಾಕಿದ್ರೆ ಅದು ಫೋಮ್ ಒಳಗೆ ಹರಡಿ ಒಣಗಿದ ಮೇಲೆ ಬಿಸ್ಕತ್ ಥರ ಗಟ್ಟಿಯಾಗುತ್ತೆ, ನಾಲ್ಕು ಮೀನು ಕಚ್ಚಿದ್ರೆ ಅಲ್ಲೇ ಬಿರುಕು ಬಿಡುತ್ತೆ. ಇನ್ನೊಂದು ಕೈಚಳಕ: ದಾರ ಗಾಳದ ಮೇಲಿಂದ ಆಚೆ ಕಡೆಗೆ ಹೋಗುತ್ತಲ್ಲ, ಹೋಗ್ತಾ ಫೋಮನ್ನೂ ಆಚೆಗೆ ತಳ್ಳುತ್ತೆ. ಅದಕ್ಕೇ ಶುರುನಲ್ಲೇ ಫೋಮನ್ನ ನಿಮ್ಮ ಕಡೆಗೆ ಒಂಚೂರು ವಾಲಿಸಿ ಹಿಡೀರಿ, ಬಿಗಿ ಆಗ್ತಾ ಅದು ತಾನೇ ನಡುಮಧ್ಯಕ್ಕೆ ಬಂದು ಕೂರುತ್ತೆ. ಮೂರು ನಾಲ್ಕು ಫ್ಲೈ ಕಟ್ಟಿದ್ರೆ ಎಷ್ಟು ವಾಲಿಸ್ಬೇಕು ಅನ್ನೋದು ಬೆರಳಿಗೇ ಗೊತ್ತಾಗುತ್ತೆ.

ನಿಮ್ಮ ನಿಜವಾದ ತಪ್ಪು ಏನಿರಬಹುದು ಅಂದ್ರೆ, ಫೋಮ್ ಜಾಸ್ತಿ ಹಾಕ್ತಿದೀರಿ. ಅಂಗಾತ ಬೀಳೋದು, ಮೀನು ಸಿಕ್ಕದೇ ಇರೋದು ಎರಡೂ ನಂಗೆ ಹಾಗೇ ಕೇಳಿಸ್ತಿದೆ. ನಾವು ಚಿಕ್ಕವರಿದ್ದಾಗ ಕೆರೇಲಿ ಗಾಳ ಹಾಕ್ತಿದ್ವಲ್ಲ, ಜೋಳದ ದಂಟಿನ ಬೆಂಡೋ ಹಳೇ ಹವಾಯಿ ಚಪ್ಪಲಿ ತುಂಡೋ ಕಟ್ಟಿ, ಅಲ್ಲಿ ಬೆಂಡು ಬೇರೆ ಗಾಳ ಬೇರೆ. ಬೆಂಡು ಎಷ್ಟು ದಪ್ಪ ಇದ್ರೂ ಎರೆಹುಳ ಚುಚ್ಚಿದ ಗಾಳ ಒಂದು ಮೊಳ ಕೆಳಗೆ ನೀರೊಳಗೆ ಇರುತ್ತೆ, ಮೀನು ಬೆಂಡನ್ನ ಕಚ್ಚೋದಿಲ್ಲ. ಫೋಮ್ ಫ್ಲೈನಲ್ಲಿ ಬೆಂಡೇ ಹುಳ, ಗಾಳ ಅದರ ಹೊಟ್ಟೆಗೇ ಅಂಟಿಕೊಂಡಿದೆ. ಬೆಂಡು ದಪ್ಪ ಆದ್ರೆ ಗಾಳದ ಬಾಯಿ ಮುಚ್ಚಿ ಹೋಗುತ್ತೆ, ಮೀನಿನ ತುಟಿ ಒಳಗೆ ಹೋಗೋಕೆ ಜಾಗನೇ ಇರೋದಿಲ್ಲ. ಒಂದು ಅಳತೆ ಇಟ್ಕೊಳ್ಳಿ, ಪಟ್ಟಿ ಎಷ್ಟು ಅಗಲ ಅಂದ್ರೆ ಗಾಳದ ಮೊನೆಯಿಂದ ತಂತಿವರೆಗೆ ಎಷ್ಟು ಸಂದು ಇದೆಯೋ ಅಷ್ಟೇ, ಅದಕ್ಕಿಂತ ಒಂದು ಕೂದಲೂ ಜಾಸ್ತಿ ಬೇಡ. ಫೋಮ್ 2 ಮಿಲಿಮೀಟರ್ ದಪ್ಪದ್ದು, 8 ಅಥವಾ 10 ನಂಬರ್ ಗಾಳಕ್ಕೆ ಅದೇ ಸರಿ. ಎರಡು ಬಣ್ಣ ಬೇಕು ಅಂತ 2 ಮಿಲಿಮೀಟರಿನ ಎರಡು ಹಾಳೆ ಅಂಟಿಸಿದ್ರೆ ಅಲ್ಲೇ 4 ಆಯ್ತು. ಎರಡು ಬಣ್ಣ ಬೇಕಾದ್ರೆ 1 ಮಿಲಿಮೀಟರಿನ ಎರಡು ಹಾಳೆ ತಗೊಳ್ಳಿ, ಚಪ್ಪಲಿ ಅಂಟಿಸೋ ಥರದ ಗೋಂದನ್ನ ಎರಡೂ ಹಾಳೆಗೆ ತೆಳ್ಳಗೆ ಸವರಿ, ಬೆರಳಿಗೆ ಅಂಟದಷ್ಟು ಆರಿದ ಮೇಲೆ ಒತ್ತಿ. ಹಸಿಯಾಗಿದ್ದಾಗಲೇ ಒತ್ತಿದ್ರೆ ಮಧ್ಯ ಗುಳ್ಳೆ ಬರುತ್ತೆ.

ಫೋಮ್ ಯಾಕೆ ತೇಲುತ್ತೆ ಅಂತ ತಿಳ್ಕೊಂಡ್ರೆ ಜಾಸ್ತಿ ಹಾಕೋ ಆಸೆ ತಾನಾಗೇ ಹೋಗುತ್ತೆ. ಹಳೇ ಕಾಲದ ಡ್ರೈ ಫ್ಲೈ, ಅಂದ್ರೆ ನೀರ ಮೇಲೆ ತೇಲೋ ಫ್ಲೈ, ಕೋಳಿ ಗರಿ, ಎಲ್ಕ್ ಕೂದಲು ಕಟ್ಟಿದ್ದು, ಅದು ತೇಲೋದು ಹೆಚ್ಚಾಗಿ ನೀರಿನ ಮೇಲ್ಪದರದ ಬಿಗಿತದಿಂದ, ಒಂದ್ಸಲ ನೆನೆದ್ರೆ ಮುಳುಗುತ್ತೆ, ಒಣಗಿಸಬೇಕು, ಔಷಧಿ ಸವರಬೇಕು. ಫೋಮ್ ಹಾಗಲ್ಲ, ಒಳಗಡೆ ಲಕ್ಷಾಂತರ ಗಾಳಿ ಗುಳ್ಳೆ, ಪ್ರತಿಯೊಂದೂ ತನ್ನಷ್ಟಕ್ಕೆ ಮುಚ್ಚಿಕೊಂಡಿದೆ, ನೀರು ಒಳಗೆ ಹೋಗೋ ದಾರಿನೇ ಇಲ್ಲ. ಮೀನು ಮುಳುಗಿಸಿದ್ರೂ ಎದ್ದು ಬರುತ್ತೆ. ಅಂದ್ರೆ ಸ್ವಲ್ಪ ಫೋಮೇ ಧಾರಾಳ. ನಿಜವಾದ ಮಿಡತೆ ನೀರಿಗೆ ಬಿದ್ರೆ ದೋಣಿ ಥರ ಮೇಲೆ ತೇಲೋದಿಲ್ಲ, ಅರ್ಧ ಮುಳುಗಿ ಒದ್ದಾಡುತ್ತೆ. ಕೆಳಗಿಂದ ನೋಡೋ ಟ್ರೌಟ್ ಮೀನಿಗೆ ಕಾಣೋದು ಆ ಮುಳುಗಿದ ಹೊಟ್ಟೆ ಮತ್ತೆ ಕಾಲು. ನೀವು ಕಟ್ಟಿರೋದು ನೀರ ಮೇಲೆ ಕಾಗದದ ದೋಣಿ ಹಾಗೆ ಕೂತಿದ್ರೆ ಮೀನು ಮೂತಿ ತಂದು ತಾಗಿಸಿ ನೋಡಿ ವಾಪಸ್ ಹೋಗುತ್ತೆ, ಅದನ್ನೇ ನೀವು 'ಬಾಯಿ ಹಾಕುತ್ತೆ, ಸಿಕ್ಕೋದಿಲ್ಲ' ಅಂದ್ಕೊಂಡಿರ್ಬಹುದು. ನಂಗೆ ಒಂದು ಆಗಸ್ಟಲ್ಲಿ ಹೀಗೇ ಒಂದೇ ಬಂಡೆ ಹಿಂದೆ ಒಂದೇ ಬ್ರೌನ್ ಟ್ರೌಟ್ ಮೂರು ಸಲ ಮೂತಿ ತಾಗಿಸಿ ಹೋಯ್ತು. ದಡದಲ್ಲಿ ಕೂತು ಕತ್ತರಿಯಲ್ಲಿ ಫೋಮಿನ ಎರಡೂ ಅಂಚು ಕೆತ್ತಿ ಸಣ್ಣ ಮಾಡಿ ಹಾಕ್ದೆ, ನಾಲ್ಕನೇ ಸಲಕ್ಕೆ ಮೂತಿ ಅಲ್ಲ, ಬಾಯಿ ತೆರೆದು ಬಂತು. ಅದು ಕತ್ತರಿಯಿಂದಾನೋ ಅದರ ಹಣೆಬರಹದಿಂದಾನೋ ಹೇಳೋಕಾಗಲ್ಲ, ಆದ್ರೆ ಅವತ್ತಿಂದ ಜೇಬಲ್ಲಿ ಸಣ್ಣ ಕತ್ತರಿ ಇಲ್ದೆ ನಾನು ನದಿಗೆ ಇಳಿದಿಲ್ಲ.

ಹಾಪರ್ ಪಕ್ಕಕ್ಕಿಡಿ, ಮೊದಲು ಚೆರ್ನೋಬಿಲ್ ಆಂಟ್ ಕಟ್ಟಿ ಅಂತ ನನ್ನ ಸಲಹೆ. ನಾನಿರೋದು ಸಾಲ್ಟ್ ಲೇಕ್ ಸಿಟಿಲಿ, ಮೂರೂವರೆ ಗಂಟೆ ಡ್ರೈವ್ ಮಾಡಿದ್ರೆ ಗ್ರೀನ್ ನದಿ, ಫ್ಲೇಮಿಂಗ್ ಗಾರ್ಜ್ ಅಣೆಕಟ್ಟಿನ ಕೆಳಗೆ. ಈ ಫ್ಲೈ ಹುಟ್ಟಿದ್ದೇ ಅಲ್ಲಿನ ಗೈಡ್‌ಗಳ ಕೈಯಲ್ಲಿ. ಕಪ್ಪು ಫೋಮ್, ಎಂಟು ದಿಕ್ಕಿಗೂ ರಬ್ಬರ್ ಕಾಲು, ಇರುವೆ ಅಂತ ಹೆಸರು, ಆದ್ರೆ ಯಾವ ಗೊದ್ದವೂ ಅಷ್ಟು ದೊಡ್ಡದಿರಲ್ಲ, ಅದಕ್ಕೇ 1986ರ ಅಣುಸ್ಥಾವರ ದುರಂತದ ಹೆಸರು ಅಂಟಿಕೊಂಡಿದ್ದು, ವಿಕಿರಣಕ್ಕೆ ಬೆಳೆದ ಇರುವೆ ಅನ್ನೋ ಥರ. ಹಾಸ್ಯ ಸ್ವಲ್ಪ ಕಹಿನೇ. ಮೇ ಜೂನ್‌ನಲ್ಲಿ ಅಲ್ಲಿ ಸಿಕಾಡಾ (ಮರದಲ್ಲಿ ಕಿರ್ರ್ ಅನ್ನೋ ಹುಳ) ಬೀಳೋ ಕಾಲದಲ್ಲೂ, ಆಮೇಲೆ ಮಿಡತೆ ಕಾಲದಲ್ಲೂ ಇದೊಂದೇ ಫ್ಲೈ ನಡೆಯುತ್ತೆ. ವಯೋಮಿಂಗ್‌ನ ಜಾಕ್ಸನ್‌ನಲ್ಲಿ ಒನ್ ಫ್ಲೈ ಅಂತ ಒಂದು ಸ್ಪರ್ಧೆ ಇದೆ, ದಿನಕ್ಕೆ ಒಬ್ಬರಿಗೆ ಒಂದೇ ಫ್ಲೈ, ಕಳ್ಕೊಂಡ್ರೆ ಅವತ್ತಿನ ಆಟ ಮುಗೀತು. ಅಂಥ ಕಡೆ ಫೋಮ್ ಫ್ಲೈ ಯಾಕೆ ಹೆಸರು ಮಾಡ್ತು ಅಂತ ಈಗ ಅರ್ಥ ಆಗುತ್ತಲ್ಲ, ಇಪ್ಪತ್ತು ಮೀನು ಕಚ್ಚಿದ ಮೇಲೂ ತೇಲ್ತಾ ಇರುತ್ತೆ.

ಕಟ್ಟೋದು ಹೀಗೆ. ಉದ್ದ ತಂತಿಯ 8 ನಂಬರ್ ಗಾಳ, ಮೇಲೆ ಹೇಳಿದ ಹಾಗೆ ದಾರದ ಹಾಸಿಗೆ. ಕಪ್ಪು ಫೋಮ್ ಪಟ್ಟಿಯ ಎರಡೂ ತುದಿ ಉಗುರಿನ ಥರ ದುಂಡಗೆ ಕತ್ತರಿಸಿ. ಹಿಂದಿನ ಕಟ್ಟು ಗಾಳದ ಮುಳ್ಳಿನ (ಮೊನೆ ಹತ್ತಿರ ಹಿಂದಕ್ಕೆ ಚಾಚಿರೋ ಚೂಪು) ನೇರಕ್ಕೆ ಮೇಲೆ ಬರಬೇಕು, ಅದಕ್ಕಿಂತ ಹಿಂದೆ ಹೋಗಬೇಡಿ, ಫೋಮಿನ ಬಾಲ ಗಾಳದ ಬಾಗು ದಾಟಿ ಸ್ವಲ್ಪ ಮಾತ್ರ ಆಚೆ ಇರಲಿ. ಬಾಲ ಉದ್ದ ಬಿಟ್ರೆ ಮೀನು ಬಾಲ ಕಚ್ಚಿ ಹೋಗುತ್ತೆ, ಗಾಳ ಇರೋ ಕಡೆ ಬರೋದೇ ಇಲ್ಲ, ಮೀನು ಸಿಕ್ಕೋದಿಲ್ಲ ಅನ್ನೋ ನಿಮ್ಮ ದೂರಿಗೆ ಇದೂ ಒಂದು ಕಾರಣ. ಆ ಕಟ್ಟಲ್ಲೇ ಎರಡೂ ಪಕ್ಕಕ್ಕೆ ಒಂದೊಂದು ರಬ್ಬರ್ ಎಳೆ ಇಟ್ಟು, ಎಳೆಯ ಮಧ್ಯಕ್ಕೆ ಸರಿಯಾಗಿ ಒಂದೇ ಒಂದು ಸಡಿಲ ಸುತ್ತು ಹಾಕಿ, ಎಳೆದು ಸರಿಪಡಿಸಿ, ಆಮೇಲೆ ಎರಡು ಬಿಗಿ ಸುತ್ತು. ಒಂದು ಎಳೆಗೆ ಮುಂದೊಂದು ಹಿಂದೊಂದು ಕಾಲು ಬರುತ್ತೆ. ಫೋಮಿನ ಮುಂಭಾಗ ಮೇಲಕ್ಕೆತ್ತಿ ಹಿಡಿದು, ಅದರ ಕೆಳಗೆ ತಂತಿ ಮೇಲೆ ನವಿಲುಗರಿ ಎಳೆಯೋ ಕಪ್ಪು ಡಬ್ಬಿಂಗೋ (ದಾರಕ್ಕೆ ಹೊಸೆಯೋ ತುಪ್ಪಳ) ತೆಳ್ಳಗೆ ಸುತ್ತಿ ಮುಂದೆ ಬನ್ನಿ, ಕಣ್ಣಿಗೆ ಒಂದು ಗೋಧಿ ಕಾಳಿನಷ್ಟು ಜಾಗ ಬಿಟ್ಟು ನಿಲ್ಲಿ. ಫೋಮ್ ಇಳಿಸಿ, ಎಳೀಬೇಡಿ ಸುಮ್ನೆ ಇಳಿಸಿ, ಎಳೆದು ಕಟ್ಟಿದ್ರೆ ಫ್ಲೈ ಬಿಲ್ಲಿನ ಥರ ಬಾಗುತ್ತೆ. ಅಲ್ಲಿ ಮುಂದಿನ ಕಟ್ಟು, ಮತ್ತೆ ಎರಡು ಎಳೆ ಕಾಲು. ಮೇಲ್ಗಡೆ ಹಳದಿನೋ ಕಿತ್ತಳೆನೋ ಫೋಮಿನ ಚಿಕ್ಕ ಚೂರು ಕಟ್ಟಿ, ಅದು ಮೀನಿಗಲ್ಲ ನಿಮ್ಮ ಕಣ್ಣಿಗೆ, ಬಿಸಿಲಲ್ಲಿ ಮಿನುಗೋ ನೀರಲ್ಲಿ ಕಪ್ಪು ಫ್ಲೈ ನಲವತ್ತು ಅಡಿ ದೂರಕ್ಕೆ ಕಾಣೋದಿಲ್ಲ. ದಾರನ ಫೋಮಿನ ಕೆಳಗಿಂದ ಗಾಳದ ಕಣ್ಣಿನ ಹಿಂದಕ್ಕೆ ತಂದು ತಂತಿ ಮೇಲೇ ಗಂಟು ಹಾಕಿ, ಫೋಮ್ ಮೇಲೆ ಬೇಡ. ಕೊನೆಗೆ ಫ್ಲೈನ ಉಲ್ಟಾ ಹಿಡಿದು ಎರಡೂ ಕಟ್ಟಿನ ಹೊಟ್ಟೆ ಕಡೆಗೆ ಒಂದೊಂದು ಗುಂಡುಸೂಜಿ ತುದಿ ಗ್ಲೂ.

ಅಂಗಾತ ಬೀಳೋದು ತೂಕದ ವಿಷಯ. ಫೋಮ್ ತಂತಿಯ ಮೇಲಿರಬೇಕು, ಗಾಳದ ಬಾಗು ಕೆಳಗಿರಬೇಕು, ಗಾಳನೇ ಇಲ್ಲಿ ದೋಣಿಯ ಲಂಗರು. ನೀವು ಫೋಮನ್ನ ಮಡಚಿ ತಂತಿಯ ಕೆಳಗೂ ತಂದಿದ್ರೆ, ಇಲ್ಲ ಮೇಲೆ ದೊಡ್ಡ ರೆಕ್ಕೆ ಕಟ್ಟಿದ್ರೆ, ಲಂಗರಿನ ಕೆಲಸ ಕೆಟ್ಟು ಮಗುಚುತ್ತೆ. ಕಾಲುಗಳೂ ಮುಖ್ಯ, ಎರಡೂ ಕಡೆ ಒಂದೇ ಉದ್ದ, ನೇರ ಪಕ್ಕಕ್ಕೆ ಚಾಚಿರಬೇಕು. ಪರೀಕ್ಷೆ ಮಾಡೋಕೆ ನದಿ ಬೇಡ, ಬಚ್ಚಲಲ್ಲಿ ಒಂದು ಬಕೆಟ್ ನೀರು ಸಾಕು, ಎದೆ ಎತ್ತರದಿಂದ ಹತ್ತು ಸಲ ಕೈಬಿಡಿ, ಎಂಟು ಸಲ ನೆಟ್ಟಗೆ ಬಿದ್ರೆ ಪಾಸ್. ಫೇಲ್ ಆದ್ರೆ ಮೊದಲು ರೆಕ್ಕೆ ಕತ್ತರಿಸಿ, ಆಮೇಲೆ ಫೋಮ್ ಅಂಚು. ಬಕೆಟಲ್ಲಿ ಸರಿಯಾಗಿದ್ದು ನದಿಲಿ ಮಗುಚಿದ್ರೆ ತಪ್ಪು ಫ್ಲೈದಲ್ಲ, ಎಸೆಯೋವಾಗ ಅದು ಗಾಳಿಲಿ ಸುತ್ತಿ ಲೀಡರಿಗೆ (ಲೈನಿನ ತುದಿಗೆ ಕಟ್ಟೋ ಪಾರದರ್ಶಕ ಎಳೆ) ಹುರಿ ಬಿದ್ದಿದೆ, ತುದಿಯ ಎಳೆ ತೀರಾ ಸಣ್ಣದು ಹಾಕಿದೀರಿ. ಇಷ್ಟು ದೊಡ್ಡ ಫ್ಲೈಗೆ 3ಎಕ್ಸ್ ಎಳೆ ಹಾಕಿ, ಹೆಚ್ಚಂದ್ರೆ 4ಎಕ್ಸ್ (ನಂಬರ್ ಹೆಚ್ಚಾದಷ್ಟೂ ಎಳೆ ಸಣ್ಣ), ಲೀಡರ್ ಏಳೂವರೆ ಅಡಿ ಸಾಕು.

ಮೀನು ಬಾಯಿ ಹಾಕಿದ ತಕ್ಷಣ ಎಳೀತೀರಾ? ದೊಡ್ಡ ಫ್ಲೈ ನೋಡಿ ದೊಡ್ಡ ಮೀನು ನಿಧಾನಕ್ಕೆ ಬರುತ್ತೆ, ಬಾಯಿ ಮುಚ್ಚಿ ತಲೆ ಕೆಳಗೆ ಮಾಡೋ ತನಕ ಕಾಯ್ಬೇಕು. ನಾನು ಮನಸ್ಸಲ್ಲಿ 'ಅಯ್ಯೋ ರಾಮ' ಅಂದು ಎಳೀತೀನಿ, ಅಷ್ಟು ಹೊತ್ತು ಸರಿಹೋಗುತ್ತೆ.

ಇನ್ನು ಬೆಂಗಳೂರಿನ ಶೀಟ್. ಧಾರಾಳವಾಗಿ ತನ್ನಿ, ಮಕ್ಕಳ ಪ್ರಾಜೆಕ್ಟಿಗೆ ಸ್ಟೇಷನರಿ ಅಂಗಡಿಲಿ ಮಾರೋ ಫೋಮ್ ಶೀಟ್ ಇವಿಎ ಅನ್ನೋ ಪ್ಲಾಸ್ಟಿಕ್ಕಿಂದೇ, ಇಲ್ಲಿನ ಕ್ರಾಫ್ಟ್ ಅಂಗಡಿದೂ ಅದೇ, ಫ್ಲೈ ಶಾಪಲ್ಲಿ ಚಿಕ್ಕ ಪ್ಯಾಕೆಟಲ್ಲಿ ಹಾಕಿ ಜಾಸ್ತಿ ದುಡ್ಡಿಗೆ ಮಾರೋದರಲ್ಲೂ ಎಷ್ಟೋ ಅದೇ ಇರುತ್ತೆ. ಅಂಗಡಿಲೇ ಹೆಬ್ಬೆರಳ ಉಗುರಲ್ಲಿ ಒತ್ತಿ ನೋಡಿ, ಗೆರೆ ನಿಧಾನಕ್ಕೆ ಮೇಲೆದ್ದು ಮಾಯ ಆದ್ರೆ ಒಳ್ಳೇದು, ಹಾಗೇ ಉಳಿದ್ರೆ ಇಲ್ಲಾ ಪುಡಿ ಉದುರಿದ್ರೆ ಬಿಡಿ. ಮಿಂಚು ಮೆತ್ತಿದ ಶೀಟ್ ಬೇಡ, ಮಿಂಚು ನದಿಗೆ ಉದುರುತ್ತೆ. ಥರ್ಮೋಕೋಲ್ ಬಗ್ಗೆ ಯೋಚನೇನೂ ಬೇಡ, ಕಾಳು ಕಾಳಾಗಿ ಬಿಡುತ್ತೆ, ಸೂಪರ್ ಗ್ಲೂ ತಾಗಿದ್ರೆ ಕರಗಿ ತೂತು ಬೀಳುತ್ತೆ. ನಾನು ಮೊದಲ ವರ್ಷ ಬುದ್ಧಿವಂತಿಕೆ ತೋರ್ಸೋಕೆ ಹೋಗಿ ಹೆಂಡ್ತಿಯ ಹಳೇ ಯೋಗ ಮ್ಯಾಟ್ ಮೂಲೆ ಕತ್ತರಿಸಿ ಒಂದು ಡಜನ್ ಕಟ್ಟಿದ್ದೆ, ಅದು ಸ್ಪಂಜಿನ ಜಾತಿ, ಇಪ್ಪತ್ತು ಸಲ ಎಸೆಯೋಷ್ಟರಲ್ಲಿ ನೀರು ಕುಡಿದು ಕಲ್ಲಿನ ಥರ ಮುಳುಗ್ತು. ಮೀನೂ ಇಲ್ಲ, ಮನೇಲಿ ಮ್ಯಾಟಿನ ಲೆಕ್ಕ ಇನ್ನೂ ಮುಗಿದಿಲ್ಲ. ಹೊಸ ಫೋಮ್ ತಂದ್ರೆ ಒಂದು ಚೂರಿಗೆ ಕಲ್ಲು ಕಟ್ಟಿ ರಾತ್ರಿಯಿಡೀ ಲೋಟದಲ್ಲಿ ಮುಳುಗಿಸಿಡಿ, ಬೆಳಿಗ್ಗೆ ಕಲ್ಲು ಬಿಚ್ಚಿದ್ರೆ ಮೊದಲಿನಷ್ಟೇ ಚುರುಕಾಗಿ ಮೇಲೆ ಬರಬೇಕು.

ಇನ್ನೊಂದು ಮರೆತಿದ್ದೆ, ಸೊಳ್ಳೆ ಔಷಧಿ. ಡೀಟ್ ಅನ್ನೋ ರಾಸಾಯನಿಕ ಇರೋದು ಕೈಗೆ ಸವರಿ ಅದೇ ಕೈಲಿ ಫ್ಲೈ ಲೈನ್, ರಬ್ಬರ್ ಕಾಲು ಮುಟ್ಟಬೇಡಿ, ಪ್ಲಾಸ್ಟಿಕ್ಕನ್ನ ತಿನ್ನುತ್ತೆ ಅದು. ಮುಂಗೈ ಹಿಂಭಾಗದಲ್ಲಿ ಸವರಿಕೊಳ್ಳಿ.

ನಿಮ್ಮ ಕಡೆ ಬೋಯ್ಸಿ ನದಿಯ ಸೌತ್ ಫೋರ್ಕ್ ಇದೆ, ಹಾಪರಿಗೆ ಒಳ್ಳೇ ಜಾಗ. ಜುಲೈ ಕೊನೆಯಿಂದ ಸೆಪ್ಟೆಂಬರ್‌ವರೆಗೆ, ಬೆಳಿಗ್ಗೆ ಬೇಡ, ಹುಲ್ಲು ಒಣಗಿ ಗಾಳಿ ಎದ್ದ ಮೇಲೆ ಹೋಗಿ, ಮಿಡತೆ ಗಾಳಿಗೇ ಬೀಳೋದು. ದಡದಿಂದ ಒಂದೆರಡು ಅಡಿ ಒಳಗೆ ಹಾಕಿ, ಮೆಲ್ಲಗೆ ಇಳಿಸೋದೇನೂ ಬೇಡ, ಪಟ್ ಅಂತ ಸದ್ದಾಗಲಿ, ಮಿಡತೆ ಸದ್ದು ಮಾಡೇ ಬೀಳೋದು. ಗಾಳದ ಬಾಗಿಗೆ ಒಂದೂವರೆಯಿಂದ ಎರಡು ಅಡಿ ಎಳೆ ಕಟ್ಟಿ ಕೆಳಗೊಂದು ಮಣಿ ಇರೋ ನಿಂಫ್ (ನೀರೊಳಗೆ ಮುಳುಗೋ ಫ್ಲೈ) ಬಿಟ್ರೆ ಫೋಮ್ ಆಗ ಮತ್ತೆ ಊರಿನ ಬೆಂಡಿನ ಕೆಲಸಾನೂ ಮಾಡುತ್ತೆ. ಆದ್ರೆ ನೀರಿನ ಉಷ್ಣತೆ ಅಳೀರಿ, 68 ಡಿಗ್ರಿ ಫ್ಯಾರನ್‌ಹೀಟ್, ಅಂದ್ರೆ 20 ಸೆಲ್ಸಿಯಸ್ ದಾಟಿದ್ರೆ ಗಾಳ ಎತ್ತಿಡಿ, ಬಿಸಿ ನೀರಲ್ಲಿ ಆಡಿಸಿದ ಟ್ರೌಟನ್ನ ವಾಪಸ್ ಬಿಟ್ರೂ ಬದುಕೋದು ಕಷ್ಟ. ಗಾಳದ ಮುಳ್ಳನ್ನ ಚಿಮುಟದಲ್ಲಿ ಒತ್ತಿ ಮಟ್ಟ ಮಾಡಿ, ಆ ಭಾಗಕ್ಕೆ ಏನು ನಿಯಮ ಇದೆ ಅಂತ ಪ್ರತಿ ವರ್ಷ ಓದಿ ಹೋಗಿ.

ಊರಲ್ಲಿ ಹಾಕೋ ವಿಷಯ ಹುಷಾರು. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನದೊಳಗೆ ಗಾಳ ಅಂತ ಯೋಚನೆ ಮಾಡಬೇಡಿ. ಕಾವೇರಿಯ ಆ ದೊಡ್ಡ ಮಹಶೀರ್ ಇದೆಯಲ್ಲ, ಬೆನ್ನು ಗೂನಿರೋದು, ಅದಕ್ಕೆ ಸರಿಯಾದ ವೈಜ್ಞಾನಿಕ ಹೆಸರು ಟಾರ್ ರೆಮಾದೇವಿ ಅಂತ ಗೊತ್ತಾಗಿದ್ದೇ 2018ರಲ್ಲಿ, ಅದೇ ಹೊತ್ತಿಗೆ ಅಳಿವಿನ ತೀರಾ ಅಂಚಲ್ಲಿದೆ ಅನ್ನೋ ಪಟ್ಟಿಗೂ ಸೇರಿತು. ನಿಮ್ಮೂರ ಕೆರೆ ಆದ್ರೆ ಮೀನು ಗುತ್ತಿಗೆ ಯಾರ ಹೆಸರಲ್ಲಿದೆ ಕೇಳಿ, ಅವರು ಹೂಂ ಅಂದ್ರೆ ಹಾಕಿ. ಅಲ್ಲಿಗೆ ಮಿಡತೆಗಿಂತ ಗರ್ಗ್ಲರ್ ಕಟ್ಟಿ, ಬಾಸ್ಟನ್‌ನಲ್ಲಿ ಟ್ಯಾಕ್ಸಿ ಓಡಿಸ್ತಿದ್ದ ಜ್ಯಾಕ್ ಗಾರ್ಟ್‌ಸೈಡ್ ಮಾಡಿದ್ದು ಅದು, ಒಂದೇ ಫೋಮ್ ಪಟ್ಟಿನ ಬೆನ್ನ ಮೇಲೆ ಮಡಚಿ ಮುಂದೆ ತುಟಿ ಥರ ಬಿಡೋದು, ಎಳೆದಾಗ ಗುಳುಗುಳು ಅಂತ ಕಪ್ಪೆ ಹೋದ ಹಾಗೆ ಹೋಗುತ್ತೆ, ಮುರ್ರೆಲ್ ಮೀನಿಗೆ ಕಪ್ಪೆ ಅಂದ್ರೆ ಪ್ರಾಣ.

ಈಗ ಆರು ಚೆರ್ನೋಬಿಲ್ ಕಟ್ಟಿ, ಹಾಪರ್ ಆಮೇಲೆ. ಕಟ್ಟಿದ ಮೇಲೆ ಗಾಜಿನ ಬಟ್ಟಲಲ್ಲಿ ತೇಲಿಸಿ ಫೋಟೋ ಕಳಿಸಿ, ಮೇಲಿಂದ ತೆಗೆದಿದ್ದು ಬೇಡ, ಬಟ್ಟಲ ಕೆಳಗಿಂದ ತೆಗೀರಿ, ಹೊಟ್ಟೆ ಎಷ್ಟು ಮುಳುಗಿದೆ ನೋಡಿ ಹೇಳ್ತೀನಿ.